ಮೋರಿ ಕಟ್ಟೆಯ ಮೇಲಿನ ಮಾಜಿ ಅಧ್ಯಕ್ಷೆ

ಬೆಳಗಿನ ಐದು ಗಂಟೆ ಇಪ್ಪತ್ತು ನಿಮಿಷ. ಊರ ಹೊರಗಿನ ಮೋರಿಯ ಬಳಿ ನಲವತ್ತು ಮಂದಿ ಗಣಿ ಕಂಪನಿಯ ಬಸ್ಸಿಗಾಗಿ ನಿಂತಿದ್ದಾರೆ. ಕೈಯಲ್ಲಿ ಊಟದ ಡಬ್ಬಿ, ತಲೆಗೆ ಸುತ್ತಿದ ಟವೆಲ್ಲು, ಕಾಲಲ್ಲಿ ಎಷ್ಟು ತೊಳೆದರೂ ಕೆಂಪು ಬಿಡದ ಬೂಟು. ಬಸ್ ಸ್ಟಾಪ್ ಎಂದು ಕರೆಯುತ್ತಾರಾದರೂ ಅಲ್ಲಿ ಸೂರೂ ಇಲ್ಲ, ಬೋರ್ಡೂ ಇಲ್ಲ. ಇರುವುದು ಮೋರಿಯ ಎರಡೂ ಬದಿಗೆ ಸೊಂಟದೆತ್ತರದ ಸಿಮೆಂಟ್ ಕಟ್ಟೆ. ಅದರ ಮೇಲೆ ಕರೆಮ್ಮ ಹತ್ತಿ ನಿಲ್ಲುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಮೈಕು ಇಲ್ಲ, ಚೀಟಿ ಇಲ್ಲ.

"ಹೋದವರು" ಎಂದು ಶುರು ಮಾಡುತ್ತಾರೆ. ಗುಸುಗುಸು ನಿಲ್ಲುತ್ತದೆ. "ಕಲ್ಲು ಒಡಿಯೋ ಮುದುಕಪ್ಪ ನಿನ್ನೆ ಮಧ್ಯಾಹ್ನ ಹೋದ. ನಮ್ಮ ಸಾಲಿ ಕಂಪೌಂಡಿನ ಮೂಲಿ ಕಲ್ಲು ಅಂವ ಇಟ್ಟಿದ್ದು. ಮೂವತ್ತೊಂದು ವರ್ಷ ಆತು, ಇನ್ನೂ ಅಲುಗಾಡಿಲ್ಲ. ಬೇಕಾದ್ರ ಹೋಗಿ ಕೈ ಹಚ್ಚಿ ನೋಡ್ರಿ." ಅರ್ಧ ನಿಮಿಷ ಸುಮ್ಮನಿರುತ್ತಾರೆ. ಆಮೇಲೆ "ಗೆದ್ದವರು" ಎನ್ನುತ್ತಾರೆ. "ರಾಮಾಂಜಿನಿ ಮಗಳು ಪಲ್ಲವಿ ಐಟಿಐ ಪಾಸಾದ್ಲು, ಎಲೆಕ್ಟ್ರಿಷಿಯನ್. ನಮ್ಮೂರಾಗ ಕಂಬ ಹತ್ತೋ ಮೊದಲನೇ ಹುಡುಗಿ. ರಾಮಾಂಜಿನಿ ಇವತ್ತು ಮುಂದಿನ ಸೀಟಿನ್ಯಾಗ ಕುಂದ್ರಲಿ." ಚಪ್ಪಾಳೆ ಬೀಳುತ್ತದೆ. ರಾಮಾಂಜಿನಿ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ ನಗುತ್ತಾರೆ. ಕೊನೆಯದು "ಊರು". ಕಸದ ಗಾಡಿ ವಾರಕ್ಕೆ ಮೂರು ದಿನ ಬರುತ್ತಿದ್ದರೂ ಹಿಂದಿನ ಓಣಿಯವರು ಕಸವನ್ನು ಚರಂಡಿಗೇ ಸುರಿಯುತ್ತಿರುವ ಬಗ್ಗೆ ನಾಲ್ಕು ಮಾತು. "ಪಂಚಾಯ್ತಿಗೆ ಬೈಯಾಕ ನಾನೂ ರೆಡಿ ಅದೀನಿ. ಮೊದಲ ನಮ್ಮ ಮನಿ ಬುಟ್ಟಿ ನೋಡಿಕೊಂಡು ಬರ್ರಿ, ಕೂಡಿ ಬೈಯೋಣ." ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಲೈಟು ಕಾಣುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಲೈಟು ಕಂಡ ಮೇಲೆ ಒಂದು ಅಕ್ಷರವನ್ನೂ ಆಡದಿರುವುದು ಅವರೇ ಹಾಕಿಕೊಂಡ ಕಟ್ಟಳೆ.

ಹೀಗೆ ನಾಲ್ಕು ವರ್ಷಗಳಿಂದ ನಡೆದಿದೆ. ಕರೆಮ್ಮನಿಗೆ ಈಗ ನಲವತ್ತೊಂಬತ್ತು. ಕಂಪನಿಯ ನರ್ಸರಿಯಲ್ಲಿ ಅವರದು ಪಾಕೀಟಿಗೆ ಮಣ್ಣು ತುಂಬುವ ಕೆಲಸ. ಅದಿರು ತೆಗೆದು ಒಟ್ಟಿದ ಮಣ್ಣಿನ ಗುಡ್ಡಗಳ ಮೇಲೆ ನೆಡುವ ಹೊಂಗೆ, ಬೇವು, ಕಮರದ ಸಸಿಗಳೆಲ್ಲ ಮೊದಲು ಇವರ ಕೈ ದಾಟಿ ಹೋಗಬೇಕು. ದಿನಕ್ಕೆ ಏಳುನೂರು ಪಾಕೀಟು. ಕೈ ಚೆನ್ನಾಗಿ ಓಡಿದ ದಿನ ಏಳುನೂರೈವತ್ತು. ಇದಕ್ಕೂ ಮೊದಲು ಹದಿನೇಳು ತಿಂಗಳು ಅವರು ಇದೇ ಊರಿನ ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿದ್ದರು. ಬಸ್ಸಿನವರು ಇವತ್ತಿಗೂ ಕರೆಯುವುದು "ಅಧ್ಯಕ್ಷಕ್ಕ" ಎಂದೇ. ಊರಿನ ಹೆಸರನ್ನು ಮಾತ್ರ ಬರೆಯಬೇಡಿ ಎಂದು ಕೇಳಿಕೊಂಡಿದ್ದಾರೆ. "ಬಂಡ್ರಿ ಕಡೀದು ಒಂದು ಹಳ್ಳಿ ಅಂತ ಹಾಕ್ರಿ, ಸಾಕು. ಇಲ್ಲೀದು ಇಲ್ಲೇ ಇರ್ಲಿ."

ತವರು ಕಂಪ್ಲಿ ತಾಲೂಕಿನ ಮೆಟ್ರಿ. ಓದಿದ್ದು ಏಳನೇ ತರಗತಿ. ಭತ್ತದ ಗದ್ದೆಯಲ್ಲಿ ಹೆಂಗಸರ ಸಾಲಿನ ಜೊತೆ ಬಗ್ಗಿ ನಾಟಿ ಮಾಡುತ್ತಾ ಬೆಳೆದವರು. ಎದುರು ಬದುವಿನ ತನಕ ದನಿ ಮುಟ್ಟುವ ಹಾಗೆ ಮಾತಾಡಲು ಕಲಿತದ್ದು ಅಲ್ಲೇ ಎನ್ನುತ್ತಾರೆ. ಮದುವೆಯಾಗಿ ಈ ಊರಿಗೆ ಬಂದರು. ಗಂಡ ಪರಶುರಾಮ್ ಯಶವಂತನಗರದ ಕಡೆ ಲಾರಿ ಓಡಿಸುತ್ತಾರೆ. ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾದಾಗ ಇಡೀ ಪಂಚಾಯಿತಿಯಲ್ಲಿ ಆ ಲೆಕ್ಕಕ್ಕೆ ಬರುವ ಸದಸ್ಯೆ ಇವರೊಬ್ಬರೇ ಇದ್ದರು. ಹೀಗಾಗಿ ಕುರ್ಚಿ ಸಲೀಸಾಗಿ ಸಿಕ್ಕಿತು. ಅದರ ಮೇಲೆ ಕುಳಿತು ಕೆಲಸ ಮಾಡುವುದು ಅಷ್ಟು ಸಲೀಸಿರಲಿಲ್ಲ.

ಅವರು ಮಾಡಿದ ಮುಖ್ಯ ಕೆಲಸ ಒಂದೇ. ಊರಿನ ಟ್ಯಾಂಕಿನ ನೀರು ಆಗ ಮೊದಲು ಪೇಟೆ ಓಣಿಗೆ ಹರಿಯುತ್ತಿತ್ತು, ಗಣಿ ಕೂಲಿಯವರ ಕೇರಿಗೆ ಬರುವಾಗ ಹತ್ತು ಗಂಟೆ. ಅಷ್ಟು ಹೊತ್ತಿಗೆ ಕೇರಿಯವರೆಲ್ಲ ಬಾಗಿಲಿಗೆ ಬೀಗ ಹಾಕಿ ಕಂಪನಿ ಬಸ್ಸು ಹತ್ತಿರುತ್ತಿದ್ದರು. ಕರೆಮ್ಮ ಅದನ್ನು ತಿರುಗಿಸಿದರು. ನಾಲ್ಕೂವರೆಗೆ ಕೇರಿಗೆ, ಆರು ಗಂಟೆಗೆ ಪೇಟೆಗೆ. ಯಾರ ನೀರೂ ಒಂದು ಕೊಡ ಕಡಿಮೆಯಾಗಲಿಲ್ಲ. ಹಿಂದೆ ಇದ್ದವರು ಮುಂದೆ ಬಂದರು, ಅಷ್ಟೇ. ಆದರೆ ಊರಿನಲ್ಲಿ ಕೆಲವರಿಗೆ ಆ ಅಷ್ಟೇ ಎನ್ನುವುದನ್ನೇ ನುಂಗಿಕೊಳ್ಳಲಾಗಲಿಲ್ಲ.

ಹದಿನೇಳನೇ ತಿಂಗಳಲ್ಲಿ ಅವಿಶ್ವಾಸ ನಿರ್ಣಯ ಬಂತು. ತಂದವರು ಹಿರಿಯ ಸದಸ್ಯ ತೋಟಪ್ಪ. ಗೊಬ್ಬರದ ಅಂಗಡಿ, ಹೊಲ, ಮೂರು ತಲೆಮಾರಿನಿಂದ ಊರಲ್ಲಿ ನಡೆಯುವ ಮಾತು, ಎಲ್ಲವೂ ಇದ್ದ ಮನುಷ್ಯ. ಹದಿನಾರು ಸದಸ್ಯರಲ್ಲಿ ಹನ್ನೆರಡು ಮಂದಿ ಕೈ ಎತ್ತಿದರು. ಮರುವಾರ ಕರೆಮ್ಮ ನರ್ಸರಿಗೆ ಹೆಸರು ಬರೆಸಿ, ಇದೇ ಮೋರಿಯ ಬಳಿ ಬಸ್ಸಿಗೆ ನಿಂತರು.

ಮಾತು ಶುರುವಾದದ್ದು ಒಂದು ಫ್ಲೆಕ್ಸಿನಿಂದ. ಆ ದಿನಗಳಲ್ಲಿ ಎಲ್ಲಿಯವರೋ ಒಬ್ಬ ದೊಡ್ಡ ಮುಖಂಡರು ತೀರಿಕೊಂಡರು. ಊರಿನ ಸರ್ಕಲ್ಲಿನಲ್ಲಿ ಭಾವಪೂರ್ಣ ಶ್ರದ್ಧಾಂಜಲಿಯ ಫ್ಲೆಕ್ಸ್ ಎದ್ದಿತು. ಸತ್ತವರ ಮುಖ ಒಂದು, ಶ್ರದ್ಧಾಂಜಲಿ ಕೋರುವವರ ಮುಖ ಇಪ್ಪತ್ತೆರಡು. ಅದೇ ವಾರ ಕೇರಿಯ ಡ್ರಿಲ್ಲಿಂಗ್ ಹೆಲ್ಪರ್ ಒಬ್ಬ ಸತ್ತ. ಹನ್ನೊಂದು ಗಂಟೆಗೆ ಮಣ್ಣು ಮಾಡಿ ಬಂದರು, ಎರಡು ಗಂಟೆಗೆ ಪಾಳಿಗೆ ಹೋದರು. ಒಬ್ಬರೂ ಅವನ ಬಗ್ಗೆ ಎರಡು ಮಾತಾಡಲಿಲ್ಲ. "ಮಾತಿಗೇನು ಕರೆಂಟ್ ಬಿಲ್ ಬರ್ತದೇನು? ಮರುದಿನ ಈ ಕಟ್ಟಿ ಹತ್ತಿ ಹೇಳೇಬಿಟ್ಟೆ" ಎನ್ನುತ್ತಾರೆ. ಸತ್ತವರದ್ದೇ ಹೇಳಿದರೆ ಮಂದಿಗೆ ಬೇಸರ ಬರುತ್ತದೆಂದು ಗೆದ್ದವರೂ ಸೇರಿಕೊಂಡರು. ಅಧ್ಯಕ್ಷೆಯಾಗಿದ್ದ ಅಭ್ಯಾಸ ಬಿಡಬೇಕಲ್ಲ, ಹಾಗಾಗಿ ಊರೂ ಸೇರಿಕೊಂಡಿತು.

ಬಸ್ಸಿನವರು ಅದಕ್ಕೆ ತಮ್ಮದೂ ಒಂದಿಷ್ಟು ಪದ್ಧತಿ ಕೂಡಿಸಿದ್ದಾರೆ. ಗೆದ್ದವರಿಗೆ ಅಥವಾ ಅವರ ಮನೆಯವರಿಗೆ ಆ ದಿನ ಡ್ರೈವರ್ ಪಕ್ಕದ ಮುಂದಿನ ಸೀಟು. ಬಸ್ಸಿನಲ್ಲಿ ಓಡಾಡುತ್ತಿದ್ದವರು ಸತ್ತರೆ, ಅವರು ಕೂರುತ್ತಿದ್ದ ಸೀಟು ಆ ಒಂದು ದಿನ ಯಶವಂತನಗರ ದಾಟುವ ತನಕ ಖಾಲಿ. ಎಷ್ಟೇ ನೂಕುನುಗ್ಗಲಿರಲಿ, ಯಾರೂ ಅಲ್ಲಿ ಚೀಲವನ್ನೂ ಇಡುವುದಿಲ್ಲ. ಯಾರು ಈ ನಿಯಮ ಮಾಡಿದರೆಂದು ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಕರೆಮ್ಮನ ಸ್ವಂತ ನಿಯಮ ಹುಟ್ಟಿದ್ದು ಮಾತ್ರ ಒಂದು ತಪ್ಪಿನಿಂದ. ಮೊದಲ ವರ್ಷ ಕನಕರಾಜ್ ಎಂಬ ಲೋಡಿಂಗ್ ಕೆಲಸಗಾರ ತೀರಿಕೊಂಡಾಗ ಅವರು ಕಟ್ಟೆ ಹತ್ತಿ ಧಾರಾಳವಾಗಿ ಹೊಗಳಿದರು. ದೇವರಂಥ ಮನುಷ್ಯ, ಯಾರಿಗೂ ಒಂದು ದಿನ ಏರು ದನಿಯಲ್ಲಿ ಮಾತಾಡಿದವನಲ್ಲ ಎಂದರು. ಮೂರನೇ ದಿನ ಕನಕರಾಜನ ಹೆಂಡತಿ ಬಸ್ ಸ್ಟಾಪಿಗೇ ಬಂದಳು. "ಅಕ್ಕಾ, ನೀ ಹೇಳಿದ ಮನಷ್ಯಾ ಯಾವೂರಂವ? ನಮ್ಮನಿಯಾಗ ಹದಿನೆಂಟು ವರ್ಷ ಇದ್ದಾಂವ ಅಂವ ಅಲ್ಲ" ಎಂದಳು. ಎಲ್ಲರೂ ಕೇಳಿಸಿಕೊಂಡರು. ಕರೆಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮರುದಿನ ಮತ್ತೆ ಕಟ್ಟೆ ಹತ್ತಿ, "ಕನಕರಾಜ್ ಲೋಡಿಂಗಿನ್ಯಾಗ ಗಟ್ಟಿ ಆಳು. ಮನಿಯಾಗ ಕೈ ಎತ್ತತಿದ್ದ. ಮೊನ್ನೆ ನಾ ತಿಳೀದ ಹೇಳಿದ್ದೆ, ತಪ್ಪಾತು" ಎಂದರು. ಆ ಹೆಣ್ಣುಮಗಳು ಈಗ ಅದೇ ನರ್ಸರಿಯಲ್ಲಿ ಕರೆಮ್ಮನ ಪಕ್ಕದಲ್ಲೇ ಕೂತು ಪಾಕೀಟು ತುಂಬುತ್ತಾಳೆ.

ಅಲ್ಲಿಂದ ಮುಂದೆ ಯಾರೇ ಸತ್ತರೂ ಕರೆಮ್ಮ ಕಟ್ಟೆ ಹತ್ತುವ ಹಿಂದಿನ ಸಂಜೆ ಆ ಮನೆಗೆ ಹೋಗುತ್ತಾರೆ. ಹೊರಗೆ ಕುರ್ಚಿ ಹಾಕಿ ಕೂತ ಗಂಡಸರನ್ನು ಕೇಳುವುದಿಲ್ಲ. ಒಳಗೆ ಹೋಗಿ ಒಲೆಯ ಬಳಿ ಇರುವ ಹೆಂಗಸನ್ನು ಕೇಳುತ್ತಾರೆ. ಒಬ್ಬರಿಗೆ ಒಂದೇ ಮಾತು, ಅದು ಬೇಕಾದವರು ಹೋಗಿ ನೋಡಬಹುದಾದಂಥದ್ದಿರಬೇಕು. ಗಟ್ಟಿಯಾದ ಕಂಪೌಂಡಿನ ಮೂಲೆಗಲ್ಲು, ನೆಟ್ಟ ಬೇವಿನ ಗಿಡ, ಹೆರಿಗೆ ಮಾಡಿಸಿದ ಮಗು. ಹೀಗೆ ನಾಲ್ಕು ವರ್ಷದಲ್ಲಿ ಅರವತ್ತಕ್ಕೂ ಹೆಚ್ಚು ಜನರನ್ನು ಕಳಿಸಿಕೊಟ್ಟಿದ್ದಾರೆ. ಅಭಿನಂದನೆಗಳಂತೂ ಲೆಕ್ಕವಿಲ್ಲ. "ಊರಿಗೆಲ್ಲ ಅಭಿನಂದನೆ ಹೇಳ್ತಾಳ, ನಂಗ ಒಮ್ಮೆನೂ ಹೇಳಿಲ್ಲ ನೋಡ್ರಿ" ಎಂದು ಗಂಡ ಪರಶುರಾಮ್ ದೂರುತ್ತಾರೆ. "ಏನರ ಮಾಡು, ಹೇಳ್ತೀನಿ" ಎಂದು ಕರೆಮ್ಮ ಒಳಗಿನಿಂದಲೇ ಉತ್ತರ ಕೊಡುತ್ತಾರೆ.

ಮುದುಕಪ್ಪನ ಬಗ್ಗೆ ಮಾತಾಡಿದ ಮರುದಿನ, ಮಂಗಳವಾರ ರಾತ್ರಿ ಊಟದ ಹೊತ್ತಿಗೆ ತೋಟಪ್ಪ ತೀರಿಕೊಂಡ ಸುದ್ದಿ ಬಂತು. ಎಪ್ಪತ್ತಾರು ವರ್ಷ. ಬುಧವಾರ ಮಧ್ಯಾಹ್ನ ಅವರದೇ ಹೊಲದಲ್ಲಿ ಸಮಾಧಿಯಾಯಿತು. ಅಂದು ಬಸ್ಸಿನಲ್ಲಿ, ನರ್ಸರಿಯಲ್ಲಿ, ಸಂಜೆ ವಾಪಸು ಬರುವಾಗ ಎಲ್ಲರಿಗೂ ಒಂದೇ ಮಾತು. ಗುರುವಾರ ಅಧ್ಯಕ್ಷಕ್ಕ ಏನು ಹೇಳುತ್ತಾಳೆ?

ಡಂಪರ್ ಓಡಿಸುವ ಮಾಲತೇಶ್ ನೇರವಾಗಿ ಹೇಳಿದರು. "ಅಕ್ಕಾ, ಅವರು ನಮ್ಮ ಬಸ್ಸಿನೋರಲ್ಲ. ಹೇಳಾಕ ಬ್ಯಾಡ. ಹೇಳಿದ್ರ ಪೂರಾ ಹೇಳು, ನಿನ್ನ ಹೆಂಗ ಇಳಿಸಿದ್ರು ಅಂಬೋದು. ಅದನ್ನ ನುಂಗಿ ಹೊಗಳಿದ್ರ ನಾಳಿಂದ ಯಾರು ನಂಬ್ತಾರ ನಿನ್ನ ಮಾತು?" ಕರೆಮ್ಮ "ಊರೋರಲ್ಲೇನಲೇ ಅವರು?" ಎಂದಷ್ಟೇ ಕೇಳಿ ಬಸ್ಸಿನಿಂದ ಇಳಿದರು. ಆದರೆ ಮಾಲತೇಶ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕುರ್ಚಿ ಹೋದ ಮೇಲೆ ಅವರಿಗೆ ಉಳಿದಿರುವುದು ಈ ನಂಬಿಕೆ ಒಂದೇ. ಮುಚ್ಚಿಟ್ಟು ಹೊಗಳಿದರೆ ಅದು ಹೋಗುತ್ತದೆ. ಸಿಟ್ಟು ತೀರಿಸಿಕೊಂಡರೂ ಹೋಗುತ್ತದೆ. ಸಿಟ್ಟಂತೂ ಇತ್ತು. ನಾಲ್ಕು ವರ್ಷದಿಂದ ಹಾಗೇ ಇದೆ ಎಂದು ಅವರೇ ಒಪ್ಪಿಕೊಳ್ಳುತ್ತಾರೆ.

ಬುಧವಾರ ಸಂಜೆ ಕೈಕಾಲು ತೊಳೆದು ತೋಟಪ್ಪನವರ ಮನೆಗೆ ಹೋದರು. ಅಧ್ಯಕ್ಷೆಯಾಗಿದ್ದಾಗ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಎರಡು ಸಲ ಹೋಗಿದ್ದರು. ಎರಡೂ ಸಲ ಅಂಗಳದಲ್ಲೇ ನಿಂತು ಬಂದಿದ್ದರು. ಈ ಸಲ ಮಗ ಸಿದ್ದಲಿಂಗೇಶ್ ಮನೆ ಮುಂದಿನ ಕಟ್ಟೆಯ ಮೇಲಿಂದ ಎದ್ದು ಬಂದರು. "ನಾಳಿ ನೀವು ಹೇಳ್ತೀರಂತ ಗೊತ್ತೈತಿ. ಬ್ಯಾಡ ಅನ್ನಂಗಿಲ್ಲ. ಆದ್ರ ಆ ಹಳೇ ವಿಷಯ ಮಾತ್ರ ತೆಗೀಬ್ಯಾಡ್ರಿ. ಮನಿಯಾಗ ಇನ್ನೂ ಮೂರು ದಿನ ಆಗಿಲ್ಲ." ಅಷ್ಟರಲ್ಲಿ ಒಳಗಿನಿಂದ ತೋಟಪ್ಪನವರ ಹೆಂಡತಿ ನೀಲಗಂಗಮ್ಮ ಕರೆದರು. "ಕರೆಮ್ಮ, ಅಲ್ಲ್ಯಾಕ ನಿಂತಿ? ಒಳಗ ಬಾ."

ಅಡುಗೆಮನೆಯ ಬಾಗಿಲಲ್ಲಿ ಚಾಪೆ ಹಾಸಿಸಿದ್ದರು. ಕರೆಮ್ಮ ಕೂತು ಎಲ್ಲ ಮನೆಯಲ್ಲಿ ಕೇಳುವುದನ್ನೇ ಕೇಳಿದರು. "ಅಮ್ಮಾರ, ಅವರ ಬಗ್ಗಿ ಒಂದು ಖರೇ ಮಾತು ಹೇಳ್ರಿ." ನೀಲಗಂಗಮ್ಮ ಹೇಳಿದ್ದು ಇದು.

"ನಿನ್ನ ಇಳಿಸಿದ ಮ್ಯಾಲ ಆರು ತಿಂಗಳಿಗೆ ಪೇಟಿ ಓಣಿ ಮಂದಿ ಬಂದ್ರು. ನೀರಿನ ಟೈಮ್ ಮೊದಲಿನಂಗ ಮಾಡ್ರಿ ಅಂತ. ಇವರು ಉಣ್ಣಾಕ ಕುಂತಿದ್ರು. 'ಮುಂಜಾನಿ ಬಸ್ಸಿಗೆ ಹೋಗೋ ಮಂದಿ ಅವರು, ನೀರು ಅವರಿಗೇ ಮೊದಲ ಸಿಗಬೇಕು' ಅಂದ್ರು. ಅದು ಕರೆಮ್ಮ ಮಾಡಿದ ಟೈಮ್ ಅಂತ ಇವರ ಮುಂದ ಕೂಗ್ಯಾಡಿದ್ರು. 'ಯಾರರ ಮಾಡಿರಲಿ, ಸರಿ ಐತಿ. ನಾ ಇರೋತನ ಅದಕ್ಕ ಕೈ ಹಚ್ಚಬ್ಯಾಡ್ರಿ' ಅಂದ್ರು. ಹೊರಗ ಯಾರಿಗೂ ಹೇಳಬ್ಯಾಡ ಅಂತ ನಂಗ ಹೇಳಿದ್ರು. ಇನ್ನ ಹೇಳಬೋದು."

ಕರೆಮ್ಮ ಅಲ್ಲಿಂದ ನೇರವಾಗಿ ನೀರಗಂಟಿ ಹೊನ್ನೂರಪ್ಪನ ಮನೆಗೆ ಹೋದರು. ಟ್ಯಾಂಕಿನ ವಾಲ್ವು ತಿರುಗಿಸುವವನು ಅವನೇ. ನೀರಿನ ಟೈಮು ಉಳಿದದ್ದು ತನ್ನ ಧೈರ್ಯದಿಂದ ಎಂದು ಹೇಳಿಕೊಂಡು ಮೂರೂವರೆ ವರ್ಷದಿಂದ ಕೇರಿಯಲ್ಲಿ ಪುಕ್ಕಟೆ ಚಹಾ ಕುಡಿಯುತ್ತಿರುವವನೂ ಅವನೇ. ಕರೆಮ್ಮ ಎರಡು ಸಲ ಕೇಳಿದ ಮೇಲೆ ಹೊನ್ನೂರಪ್ಪ ತಲೆ ಕೆರೆದುಕೊಂಡ. "ಹೌದ್ರೀ ಅಧ್ಯಕ್ಷಕ್ಕ, ತೋಟಪ್ಪನೋರ ಹೇಳಿದ್ರು. ತಮ್ಮ ಹೆಸರು ಎಲ್ಲೂ ಎತ್ತಬ್ಯಾಡ ಅಂದ್ರು. ಹಂಗಾಗಿ ನನ್ನ ಹೆಸರು ಹೇಳಿದೆ" ಎಂದ.

ಆ ರಾತ್ರಿ ಅವರಿಗೆ ಸಮಾಧಾನವಾಯಿತೇ ಎಂದರೆ ಇಲ್ಲ. "ಅಂವ ಪೂರಾ ಕೆಟ್ಟೋನ ಇದ್ದಿದ್ರ ನಂಗ ಸಲೀಸಿತ್ರಿ" ಎನ್ನುತ್ತಾರೆ ಕರೆಮ್ಮ. "ನಾಕು ವರ್ಷ ಅಂವ್ನ ಬೈಕೋತ ಪಾಕೀಟು ತುಂಬೀನಿ. ಈಗ ಆ ಬೈಗಳ ಎಲ್ಲಿಡಬೇಕು ಗೊತ್ತಾಗಲಿಲ್ಲ."

ಗುರುವಾರ ಬೆಳಿಗ್ಗೆ ಮೋರಿಯ ಬಳಿ ಅರವತ್ತಕ್ಕೂ ಹೆಚ್ಚು ಜನ. ಆ ದಿನ ಪಾಳಿ ಇಲ್ಲದವರೂ ಬಂದಿದ್ದಾರೆ. ತುಸು ದೂರದಲ್ಲಿ ಸಿದ್ದಲಿಂಗೇಶ್ ಬೈಕು ನಿಲ್ಲಿಸಿಕೊಂಡು, ಇಳಿಯದೆ ಹಾಗೇ ಕೂತಿದ್ದಾರೆ. ಮಾಲತೇಶ್ ಕೈ ಕಟ್ಟಿಕೊಂಡು ಮುಂದೆ ನಿಂತಿದ್ದಾರೆ. ಕರೆಮ್ಮ ಕಟ್ಟೆ ಹತ್ತುತ್ತಾರೆ, ಸೆರಗು ಸಿಕ್ಕಿಸಿಕೊಳ್ಳುತ್ತಾರೆ.

"ಹೋದವರು. ನಮ್ಮ ಪಂಚಾಯ್ತಿ ಹಿರಿಯ ಸದಸ್ಯರು ತೋಟಪ್ಪನವರು. ಒಬ್ಬರಿಗೆ ಒಂದೇ ಮಾತು ಅಂತ ನಾ ಇಟ್ಟುಕೊಂಡೀನಿ. ಇವತ್ತು ಎರಡು ಹೇಳ್ತೀನಿ, ತಡಕೋರಿ. ಕೇರಿಗೆ ಮೊದಲ ನೀರು ಬಿಟ್ಟೆ ಅಂತ ನನ್ನ ಕುರ್ಚಿಯಿಂದ ಇಳಿಸಿದವರು ಅವರು. ಅದು ತಪ್ಪು. ಅವತ್ತೂ ತಪ್ಪು, ಇವತ್ತೂ ತಪ್ಪು." ಸಿದ್ದಲಿಂಗೇಶ್ ತಲೆ ತಗ್ಗಿಸುತ್ತಾರೆ. ಕರೆಮ್ಮ ಅತ್ತ ನೋಡುವುದಿಲ್ಲ. "ಆ ನೀರು ಮತ್ತ ಹಿಂದಕ್ಕ ಹಾಕ್ರಿ ಅಂತ ಮಂದಿ ಹೋದಾಗ, ಬ್ಯಾಡ ಅಂತ ತಡದವರೂ ಅವರ. ಇವತ್ತು ನಾಕೂವರಿಗೆ ನಿಮ್ಮ ಕೊಡದಾಗ ಬಿದ್ದದ್ದು ಆ ನೀರು. ಹೊನ್ನೂರಪ್ಪನ ಕೇಳ್ರಿ, ಇಲ್ಲೇ ಅದಾನ. ಎರಡೂ ಖರೇ. ಒಂದು ನೆನಪಿಟ್ಟು ಒಂದು ಮರೀಬ್ಯಾಡ್ರಿ."

ಮಾಲತೇಶ್ ಕಟ್ಟಿದ ಕೈ ಬಿಡುತ್ತಾರೆ. ಹೊನ್ನೂರಪ್ಪ ಮಂದಿಯ ಹಿಂದೆ ಸರಿದು ನಿಲ್ಲುತ್ತಾನೆ. ಸಿದ್ದಲಿಂಗೇಶ್ ಬೈಕಿನಿಂದ ಇಳಿದು, ಒಂದು ಸಲ ಕೈ ಮುಗಿದು, ಮತ್ತೆ ಹತ್ತಿ ಊರ ಕಡೆ ತಿರುಗಿಸುತ್ತಾರೆ. ಕರೆಮ್ಮ ಗೆದ್ದವರ ವಿಷಯಕ್ಕೆ ಬರುತ್ತಾರೆ. ಹೊಸಪೇಟೆಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಿದ ಕೇರಿಯ ಹುಡುಗಿ ಭವ್ಯಳಿಗೆ ಅಭಿನಂದನೆ ಹೇಳುತ್ತಿರುವಾಗ ತಿರುವಿನಲ್ಲಿ ಲೈಟು ಕಾಣುತ್ತದೆ. ಆ ದಿನ ಊರಿನ ಮಾತಿಗೆ ಹೊತ್ತು ಉಳಿಯುವುದಿಲ್ಲ.

ಹನ್ನೊಂದು ಗಂಟೆಗೆ ನರ್ಸರಿಯ ಹಸಿರು ಬಲೆಯ ಕೆಳಗೆ ಕರೆಮ್ಮ ಪಾಕೀಟು ತುಂಬುತ್ತಿದ್ದಾರೆ. ಮುನ್ನೂರರ ಹತ್ತಿರ ಆಗಿದೆ. ತೋಟಪ್ಪನವರನ್ನು ಕ್ಷಮಿಸಿದಿರಾ ಎಂದು ಕೇಳಿದರೆ ತಲೆ ಎತ್ತದೆ, "ಅದೆಲ್ಲ ದೊಡ್ಡ ಮಂದಿ ಮಾತ್ರಿ" ಎನ್ನುತ್ತಾರೆ. ಇನ್ನೆರಡು ಪಾಕೀಟು ತುಂಬಿದ ಮೇಲೆ ತಾವಾಗಿಯೇ ಬಾಯಿ ಬಿಡುತ್ತಾರೆ.

"ಅವಿಶ್ವಾಸದ ದಿನ ನಾ ಒಂದು ಹಾಳಿ ತುಂಬ ಬರಕೊಂಡು ಹೋಗಿದ್ದೆ. ಇಲ್ಲಿ ಭಾಷಣ ಇಲ್ಲ, ಬರೇ ಕೈ ಎತ್ತೋದು ಅಂದ್ರು ಸಭೆ ನಡಸಾಕ ಬಂದ ಸಾಹೇಬ್ರು. ಮಡಚಿ ಕುಬಸದಾಗ ಇಟಗೊಂಡು ಮನಿಗೆ ಬಂದೆ. ಓದಾಕ ಬಿಡಲಿಲ್ಲಲ್ಲ ಅಂತ ನಾಕು ವರ್ಷ ಹೊಟ್ಟಿ ಉರಕೊಂಡೀನಿ. ನಿನ್ನಿ ರಾತ್ರಿ ಟ್ರಂಕಿನ್ಯಾಗಿಂದ ತೆಗೆದು ಓದಿದೆ. ಅದರಾಗ ತೋಟಪ್ಪ ಬರೇ ಕೆಟ್ಟಾಂವ ಅದಾನ, ನಾ ಬರೇ ಚಲೋ ಅದೀನಿ." ಅವರು ನಗುತ್ತಾರೆ, ಮಣ್ಣಿನ ಕೈಯಿಂದಲೇ ಹಣೆಯ ಬೆವರು ಒರೆಸಿಕೊಳ್ಳುತ್ತಾರೆ. "ಅವತ್ತು ಓದದಿದ್ದದ್ದ ಚಲೋ ಆತ್ರಿ. ಅದು ಅರ್ಧ ಇತ್ತು. ಇವತ್ತು ಹೇಳಿದ್ದು ಪೂರಾ ಐತಿ."